ಧ್ವನಿ ಕತ್ತರಿಸುವಂತಿಲ್ಲ

ಗಂಗಿ ಮಗಳನ್ನು ಕೊಡಲಿಲ್ಲ ಎಂಬುದನ್ನು ದಿವಾಕರ ಹೇಗೋ ನುಂಗಿಕೊಂಡಿದ್ದ. ದನ ಕೊಡಲಿಲ್ಲ ಎಂಬುದು ಮಾತ್ರ ಗಂಟಲಲ್ಲೇ ನಿಂತಿತು.

ಎರಡೂ ಸಲ ಅವಳು ಆಡಿದ್ದು ಒಂದೇ ಮಾತು. ಹಳದೀಪುರದ ತನ್ನ ಮನೆಯಂಗಳದಲ್ಲಿ ಕೂತು, ಎಲೆಯಡಿಕೆ ಕವಳದ ಬಾಯಿ ಒರೆಸಿಕೊಂಡು, "ದಲ್ಲಾಳಿ ಕೈಗೆ ನಾ ಎಂತದೂ ಕೊಡೂದಿಲ್ಲ ತಮಾ" ಅಂದಿದ್ದಳು. ಮೊದಲ ಸಲ ಹಾಗಂದಾಗ ಅವಳ ಮಗಳು ಮಂಜಿ ಬಾಗಿಲ ಹಿಂದೆ ನಿಂತಿದ್ದಳು. ದಿವಾಕರನಿಗೆ ಕಂಡದ್ದು ಹೊಸ್ತಿಲ ಮೇಲಿನ ಅವಳ ಕಾಲ್ಬೆರಳು ಮಾತ್ರ. ಎರಡನೆಯ ಸಲ ಮಂಜಿ ಇರಲಿಲ್ಲ. ಹುಲ್ಲು ಕೊಯ್ಯಲು ಹೋದಲ್ಲಿ ಹಾವು ಕಚ್ಚಿ ಸತ್ತು ವರ್ಷದ ಮೇಲಾಗಿತ್ತು. ಉಳಿದದ್ದು ಮಂಜಿ ಕರುವಿನಿಂದಲೂ ಕೈಯಾರೆ ಸಾಕಿದ ಚುಕ್ಕಿ. ಕೆಂಪುಗಂದು ಬಣ್ಣದ ಮಲೆನಾಡು ಗಿಡ್ಡ ಹಸು, ಹಣೆಯಲ್ಲಿ ಅಂಗೈಯಗಲದ ಬಿಳಿ, ಮೊದಲ ಗಬ್ಬ.

ಬೆಳಗಾವಿ ಕಡೆಯ ತೋಟದ ಮಾಲಕನೊಬ್ಬ ಅಂಥದೇ ಹಸು ಬೇಕೆಂದು ತಿಂಗಳಿಂದ ಫೋನು ಮಾಡುತ್ತಿದ್ದ. ಗಿಡ್ಡ ತಳಿ, ಇದೇ ಬಣ್ಣ, ಮೊದಲ ಗಬ್ಬ, ಸಾಧು ಸ್ವಭಾವ. ಸಿಕ್ಕರೆ ಕೇಳಿದಷ್ಟು ಕೊಡುತ್ತೇನೆ ಅನ್ನುತ್ತಿದ್ದ. ದಿವಾಕರ ಇದನ್ನೆಲ್ಲ ಗಂಗಿಗೆ ಮರ್ಯಾದೆಯಿಂದಲೇ ಹೇಳಿದ್ದ. ಅವಳು ಪೂರ್ತಿ ಕೇಳಿಸಿಕೊಂಡಳು ಕೂಡ.

"ಅದು ಸಂಜೀಗೆ ಅಂಗಳಕ್ಕೆ ಬಂದ್ರೆ ನಂಗೆ ಮಂಜಿ ಬಂದಾಂಗೆ," ಅಂದಳು. "ಮಗಳ ಮಾರೂಕೆ ಬತ್ತದ್ಯಾ? ದಲ್ಲಾಳಿ ಹೊಟ್ಟೇಲಿ ಹುಟ್ದವ್ನಿಗೆ ಇದೆಲ್ಲ ತಿಳೂದಿಲ್ಲ, ಹೋಗು."

ದಲ್ಲಾಳಿಯಂತೆ. ಅಪ್ಪ ದಲ್ಲಾಳಿಯಾಗಿದ್ದ, ಅದು ಹೌದು. ಹೆಗಲ ಮೇಲಿನ ಪಂಚೆಯನ್ನು ಕೊಳ್ಳುವವನ ಕೈಮೇಲೆ ಹರಡಿ, ಅದರಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಿದ್ದ. ಸುತ್ತ ನಿಂತವರಿಗೆ ಪಂಚೆಯ ಅಲ್ಲಾಟ ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ದಿವಾಕರನ ಕಾಲಕ್ಕೆ ಪಂಚೆಯ ಜಾಗದಲ್ಲಿ ಫೋನು ಬಂತು. ಯಾರದೋ ಕೊಟ್ಟಿಗೆಯ ದನದ ಫೋಟೊ ಹಾಕಿ ಇನ್ಯಾರೋ ದುಡ್ಡು ಹೊಡೆದರು, ಕಾಯಿಲೆಯ ದನವನ್ನು ಮೀಯಿಸಿ ಹೂ ಮುಡಿಸಿ ವಿಡಿಯೊ ಮಾಡಿ ಮಾರಿದರು, ಲಾರಿ ಇಳಿಯುವಷ್ಟರಲ್ಲಿ ಅದು ಸತ್ತಿತು. ಗಲಾಟೆ ಹೆಚ್ಚಾದ ಮೇಲೆ ನಿಯಮ ಬಂತು. ಫೋನಿನಲ್ಲಿ ದನ ಮಾರುವುದಿದ್ದರೆ 'ದನಪೇಟೆ' ಎಂಬ ಆ್ಯಪಿನ ಮೂಲಕವೇ ಮಾರಬೇಕು, ನಡುವೆ ಒಬ್ಬ ಪರಿಶೀಲಕ ಇರಬೇಕು. ಹೊನ್ನಾವರ ಮತ್ತು ಭಟ್ಕಳ ಎರಡೂ ತಾಲೂಕಿಗೆ ಆ ಪರಿಶೀಲಕ ಈಗ ದಿವಾಕರನೇ. ಕೊರಳಿಗೆ ಫೋಟೊ ಇರುವ ಕಾರ್ಡು ನೇತುಹಾಕಿಕೊಂಡು ತಿರುಗುವವನನ್ನು ಈ ಮುದುಕಿ ಇನ್ನೂ ದಲ್ಲಾಳಿ ಅನ್ನುತ್ತಾಳಲ್ಲ ಎಂದು ಅವನಿಗೆ ಮೈ ಉರಿಯಿತು.

ನಿಯಮಗಳು ಅವನಿಗೆ ಬಾಯಿಪಾಠ. ಕುಮಟಾದ ತರಬೇತಿಯಲ್ಲಿ ಕಲಿತ, ಆಮೇಲೆ ಹೊನ್ನಾವರದಲ್ಲಿ ತಾನೇ ನಿಂತು ಹತ್ತಾರು ಜನರಿಗೆ ಕಲಿಸಿದ. ದನದ ಕಿವಿಯಲ್ಲಿ ಹಳದಿ ಬಿಲ್ಲೆ ಇರಬೇಕು, ಬಿಲ್ಲೆಯ ನಂಬರು ಯಜಮಾನನ ಹೆಸರಿನಲ್ಲಿರಬೇಕು. ಯಜಮಾನ ಒಪ್ಪಿದ್ದಾನೆ ಎನ್ನುವುದಕ್ಕೆ ಅವನ ಫೋನಿಗೆ ಬಂದ ಒಟಿಪಿ ಬೇಕು. ದನ ನಡೆಯುವುದು, ನಿಲ್ಲುವುದು, ಮೇಯುವುದು ಎಲ್ಲವೂ ಒಂದೇ ವಿಡಿಯೊದಲ್ಲಿ ಬರಬೇಕು. ಅದನ್ನು ಪರಿಶೀಲಕನ ಫೋನಿನಲ್ಲೇ ತೆಗೆಯಬೇಕು. ಒಮ್ಮೆ ಏರಿಸಿದ ಮೇಲೆ ಅಳಿಸಲಿಕ್ಕೆ ಬರುವುದಿಲ್ಲ. ಒಂದು ವಾರ ಅದನ್ನು ಯಾರು ಬೇಕಾದರೂ ನೋಡಿ ತಕರಾರು ಹಾಕಬಹುದು. ಆಮೇಲೆ ಸರ್ಕಾರಿ ಪಶುವೈದ್ಯರು ನೋಡಿ ಸಹಿ ಹಾಕಿದರೆ ಸಾಗಣೆಯ ಪರವಾನಗಿ.

"ಮತ್ತೆ, ಧ್ವನಿ ಕತ್ತರಿಸುವಂತಿಲ್ಲ," ಎಂದು ಅವನು ತರಬೇತಿಯಲ್ಲಿ ಬೆರಳೆತ್ತಿ ಹೇಳುತ್ತಿದ್ದ. "ಎಂತಕೆ ಹೇಳಿ? ಕೆಮ್ಮು ಕೇಳಬೇಕು. ದನ ಎಷ್ಟು ಚಂದ ಕಂಡ್ರೂ ಕೆಮ್ಮು ಸುಳ್ಳು ಹೇಳೂದಿಲ್ಲ."

ಜನ ತಲೆಯಾಡಿಸುತ್ತಿದ್ದರು. ಅವನಿಗೆ ಅದೊಂದು ಹೆಮ್ಮೆ.

ಯೋಚನೆ ಹುಟ್ಟಿದ್ದು ಶಿರಾಲಿಯ ಶ್ರೀರಾಮನ ಫೋನಿನಿಂದ. ಅವನು ಮಸ್ಕತ್‌ನಲ್ಲಿ ಕೆಲಸಕ್ಕಿದ್ದ. ಊರಲ್ಲಿ ಅವನದೊಂದು ಗಿಡ್ಡ ಹಸು ಹೊಟ್ಟೆಯುಬ್ಬರದಿಂದ ಸತ್ತಿತ್ತು; ಬಿಲ್ಲೆಯ ನಂಬರು ರದ್ದು ಮಾಡಿಸಿಬಿಡು ಮಾರಾಯಾ ಎಂದು ಕೇಳಿದ್ದ. ಸತ್ತ ಹಸುವಿನ ಬಣ್ಣ ಕೆಂಪುಗಂದು, ವಯಸ್ಸು ಹೆಚ್ಚುಕಡಿಮೆ ಚುಕ್ಕಿಯದೇ. ದಿವಾಕರ ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡು ಶಿರಾಲಿಯಿಂದ ಬಸ್ಸು ಹತ್ತಿದವನು ಹೊನ್ನಾವರ ಬರುವಷ್ಟರಲ್ಲಿ ಎಲ್ಲವನ್ನೂ ಜೋಡಿಸಿಬಿಟ್ಟಿದ್ದ. ಮಣ್ಣು ಸೇರಿದ ಆ ಹಸು ಆ್ಯಪಿನಲ್ಲಿ ಇನ್ನೂ ಬದುಕಿತ್ತು. ಬಿಲ್ಲೆಗೆ ಒಂದು ಮೈ ಬೇಕಿತ್ತು, ಅಷ್ಟೆ.

ಒಂದೊಂದೇ ಕಿಂಡಿಯನ್ನು ಅವನು ತಾಳ್ಮೆಯಿಂದ ಹುಡುಕಿದ. ಒಟಿಪಿ ಶ್ರೀರಾಮನ ಫೋನಿಗೆ ಹೋಗುತ್ತದೆ; ಬಿಲ್ಲೆ ರದ್ದು ಮಾಡಲಿಕ್ಕೆ ಎಂದರೆ ಅವನೇ ಓದಿ ಹೇಳುತ್ತಾನೆ. ಹಣ ಶ್ರೀರಾಮನಿಗೆ ಹೋಗದೆ ತನ್ನ ಕೈ ಸೇರುವ ಹಾಗೆ ಖಾತೆಗೂ ಒಂದು ದಾರಿ ಮಾಡಿದ. ವಿಡಿಯೊ ತೆಗೆದ ಜಾಗವನ್ನು ಫೋನೇ ದಾಖಲಿಸುತ್ತದೆ. ಆದರೆ ನೆಟ್‌ವರ್ಕ್ ಸಿಗದ ಕಡೆ ಪರಿಶೀಲಕ ತಾನೇ ಊರಿನ ಹೆಸರು ಹಾಕಬಹುದು ಎಂದು ನಿಯಮದಲ್ಲೇ ಇದೆ, ಘಟ್ಟದಂಚಿನ ಹಳ್ಳಿಗಳಿಗಾಗಿ ಮಾಡಿದ್ದು. ಭಟ್ಕಳದ ಪಶುವೈದ್ಯರ ಹುದ್ದೆ ಖಾಲಿ. ಹೊನ್ನಾವರದ ಡಾಕ್ಟರ್ ಪವಿತ್ರಾ ಅವರಿಗೇ ಅಲ್ಲಿಯ ಹೊಣೆಯೂ ಇದ್ದು, ಎರಡು ತಾಲೂಕು ಓಡಾಡಲಾಗದೆ ಅವರು ದೂರದ ದನಗಳನ್ನು ವಿಡಿಯೊದಲ್ಲೇ ನೋಡಿ ಸಹಿ ಹಾಕುತ್ತಾರೆ. ಎಲ್ಲವೂ ಕಾನೂನಿನೊಳಗೇ ಇತ್ತು. ಒಂದು ಹಸು ಮಾತ್ರ ಹೊರಗಿನದು.

ಚುಕ್ಕಿಯನ್ನು ಮೊದಲೇ ಶಿರಾಲಿಗೆ ಸಾಗಿಸಿ ಅಲ್ಲೇ ವಿಡಿಯೊ ತೆಗೆದರೆ ಹೇಗೆ ಎಂದೂ ಯೋಚಿಸಿದ, ಬೇಡವೆಂದು ಬಿಟ್ಟ. ಪರವಾನಗಿ ಇಲ್ಲದೆ ದನ ಹೇರಿಕೊಂಡು ಹೆದ್ದಾರಿಗೆ ಬಿದ್ದರೆ ಪೊಲೀಸರಿಗಿಂತ ಮೊದಲು ಊರವರು ಅಡ್ಡ ಹಾಕುತ್ತಾರೆ. ದಡ್ಡರು ಸಿಕ್ಕಿಬೀಳುವುದೇ ಅಲ್ಲಿ. ಪರವಾನಗಿ ಕೈಗೆ ಬರುವ ತನಕ ಹಸು ಹಳದೀಪುರ ಬಿಟ್ಟು ಕದಲಬಾರದು.

ಜಾಗ ಸಿದ್ಧವಿತ್ತು. ಹಳ್ಳದಾಚೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಯಾರೋ ಸೀಗಡಿ ಸಾಕಲು ಹೋಗಿ ಕೈಸುಟ್ಟುಕೊಂಡಿದ್ದರು. ಹೊಂಡಗಳು ಪಾಳು ಬಿದ್ದು, ದಂಡೆಯ ಮೇಲೆ ಪಂಪು ಇಡುತ್ತಿದ್ದ ಶೆಡ್ಡು ಮಾತ್ರ ಉಳಿದಿತ್ತು. ಅತ್ತ ಯಾರೂ ಸುಳಿಯುವುದಿಲ್ಲ. ಅಲ್ಲಿ ನೆಟ್‌ವರ್ಕೂ ಇಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಊರು ಉಂಡು ಮಲಗಿದ ಹೊತ್ತಿಗೆ ಅವನು ಹಲಸಿನ ಹಣ್ಣಿನ ಸಿಪ್ಪೆ ತುಂಬಿದ ಚೀಲ ಹಿಡಿದು ಹುಲ್ಲುಗಾವಲಿನ ಗುಡ್ಡಕ್ಕೆ ಹೋದ. ಆ ವಾಸನೆಗೆ ಬಾರದ ದನವಿಲ್ಲ. ಚುಕ್ಕಿ ಒಂದೊಂದೇ ಸಿಪ್ಪೆ ತಿನ್ನುತ್ತ ಅವನ ಹಿಂದೆಯೇ ಗುಡ್ಡ ಇಳಿಯಿತು, ದಂಡೆ ಹಿಡಿಯಿತು. ನಡುವೆ ಒಮ್ಮೆ ನಿಂತು ಅವನ ಮುಂಗೈಯನ್ನು ನೆಕ್ಕಿತು. ಮಂಜಿ ಹಾಗೆ ಅಭ್ಯಾಸ ಮಾಡಿಸಿದ್ದಳು. ಹುಲ್ಲು ಕೊಯ್ಯುವ ಬೇಣದಿಂದ ಬಂದ ಕೂಡಲೇ ಕೈ ನೀಡಿ ಬೆವರಿನ ಉಪ್ಪು ನೆಕ್ಕಿಸುತ್ತಿದ್ದಳು. ಅವನು ಕೈ ಹಿಂದಕ್ಕೆಳೆದುಕೊಂಡ. "ನಡೆ ಮಾರಾಯ್ತಿ," ಎಂದು ಮೆಲ್ಲಗೆ ಗದರಿದ.

ಅದರ ಕೊರಳಿನ ಮರದ ಗಂಟೆ ಬಿಚ್ಚಿ, ಹುರಿಯನ್ನು ಕಲ್ಲಿನಲ್ಲಿ ಜಜ್ಜಿ, ಹೋದ ವರ್ಷ ಚಿರತೆ ನಾಯಿ ಹಿಡಿದ ಪೊದೆಯ ಬುಡದಲ್ಲಿ ಎಸೆದ. ಮಾರನೆಯ ದಿನ ಅದು ಸಿಕ್ಕಿತು. ಊರು ತಾನಾಗಿಯೇ ತೀರ್ಮಾನಕ್ಕೆ ಬಂತು. ಅವನು ಒಂದು ಮಾತೂ ಆಡಬೇಕಾಗಲಿಲ್ಲ.

ಅದೇ ದಿನ ಸಂಜೆ ಶೆಡ್ಡಿನಲ್ಲಿ ಕೂತು, ಗುರುತು ಬದಲಿಸಲು ಅರ ಹಿಡಿದು ಚುಕ್ಕಿಯ ಕೊಂಬಿನ ತುದಿ ಉಜ್ಜುತ್ತಿದ್ದಾಗ ಅವನಿಗೆ ಮೊದಲ ಸಲ ಆ ಕೂಗು ಕೇಳಿತು.

"ಬೋ ಬೋ ಬೋ… ಚುಕ್ಕೀ…"

ಮೂರು ಸಲ ಕೆಳಗಿನ ಸ್ವರ, ಆಮೇಲೆ ಹೆಸರು ಮೇಲಕ್ಕೇರಿ ಅಲ್ಲೇ ಕಡಿದ ಹಾಗೆ ನಿಲ್ಲುವುದು. ಈ ಊರಿನಲ್ಲಿ ಒಂದೊಂದು ಮನೆಯ ದನ ಒಂದೊಂದು ಕೂಗಿಗೆ ಬರುತ್ತದೆ, ಒಬ್ಬರ ಕೂಗು ಇನ್ನೊಬ್ಬರಿಗೆ ಬಾರದು. ಇದು ಮಂಜಿಯದು. ಸಂಶಯವೇ ಇಲ್ಲ. ಅವಳು ಬದುಕಿದ್ದಾಗ ಹಳ್ಳದ ದಡದಲ್ಲಿ ಮೀನಿನ ಗಾಳ ಹಾಕಿದ ನೆವ ಮಾಡಿಕೊಂಡು ಈ ಕೂಗಿಗಾಗಿಯೇ ಅವನು ಎಷ್ಟೋ ಸಂಜೆ ಕಾದಿದ್ದ. ಅರ ಕೈಯಿಂದ ಜಾರಿ ಬಿತ್ತು. ಚುಕ್ಕಿ ತಲೆಯೆತ್ತಿ, ಕಿವಿ ಮುಂದಕ್ಕೆ ಮಾಡಿ, ಹಗ್ಗ ಜಗ್ಗಿ, ಅಂಬಾ ಎಂದಿತು.

ದಿವಾಕರ ಬಿದ್ದ ಅರವನ್ನು ಹೆಕ್ಕದೆ ಶೆಡ್ಡಿನ ಗೋಡೆಗೆ ಒತ್ತಿಕೊಂಡು ಕೂತ. ಮಸಣದ ದಾರಿಯಲ್ಲಿ ದನ ಹೊಡೆದುಕೊಂಡು ಹೋಗಬೇಡ, ನಮಗೆ ಕಾಣದ್ದು ಅವಕ್ಕೆ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಅಂದರೆ ಹಸುವಿಗೂ ಕೇಳುತ್ತಿದೆ. ಮಂಜಿ ಹಸುವನ್ನು ಹುಡುಕಿಕೊಂಡು ಬಂದಿದ್ದಾಳೆ. ಗುಡ್ಡದ ಕಡೆ ಕತ್ತು ತಿರುಗಿಸಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಗಂಗಿಯೇ ಕೂಗಿರಬಹುದಲ್ಲ ಎಂದು ನೀವು ಕೇಳಬಹುದು. ಅವನೂ ತನ್ನನ್ನು ಕೇಳಿಕೊಂಡ. ಆದರೆ ಗಂಗಿಯ ಸ್ವರ ಅವನಿಗೆ ಗೊತ್ತು. ಹೊಗೆಸೊಪ್ಪು ತಿಂದು ತಿಂದು ಅದು ಒಡಕು ಮಡಕೆಯಾಗಿ ಎಷ್ಟೋ ವರ್ಷ. ಮಂಜಿ ಸತ್ತ ಹೊಸದರಲ್ಲಿ ಅವಳು ಗುಡ್ಡದ ಮೇಲೆ ನಿಂತು ಕೂಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ: ಚುಕ್ಕಿ ಕಿವಿಯನ್ನೂ ಅಲುಗಿಸದೆ ದಿಬ್ಬದ ಮೇಲೆ ನಿಂತೇ ಇತ್ತು, ಕತ್ತಲಾದ ಮೇಲೆ ತಾನಾಗಿ ಮನೆಗೆ ಹೋಗಿತ್ತು. ಇದು ಆ ಸ್ವರವಲ್ಲ. ಇದು ಹದಿನೆಂಟರ ಹೆಣ್ಣಿನ ಸ್ವರ.

ಆಮೇಲೆ ಅದು ಅವನನ್ನು ಬಿಡಲಿಲ್ಲ. ಹೊನ್ನಾವರದ ತನ್ನ ಬಾಡಿಗೆ ಕೋಣೆಯಲ್ಲಿ ಮುಖ ತೊಳೆಯುವಾಗ ನಲ್ಲಿಯ ನೀರಿನ ಸದ್ದಿನೊಳಗಿಂದ ಕೇಳಿತು. ಶರಾವತಿಯ ಸೇತುವೆ ದಾಟುವ ಬಸ್ಸಿನಲ್ಲಿ, ಕಿಟಕಿಯ ಗಾಳಿಯಲ್ಲಿ ಕೇಳಿತು. ಭಟ್ಕಳದ ಬಂದರಿನಲ್ಲಿ ದೋಣಿಗಳ ಗದ್ದಲದ ನಡುವೆ, ಹಾಡುಹಗಲಿನಲ್ಲಿ ಕೇಳಿತು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದವನನ್ನು, "ಯಾರೋ ಕರೆದ್ರಲ್ಲ?" ಎಂದು ಕೇಳಿಯೂ ಬಿಟ್ಟ. ಅವನು ಸೂಜಿ ನಿಲ್ಲಿಸಿ ಇವನ ಮುಖ ನೋಡಿ, "ಎಂತದೂ ಇಲ್ಲ ಮಾರಾಯ್ರೆ," ಅಂದ. ಒಂದು ರೀತಿಯಲ್ಲಿ ದಿವಾಕರನಿಗೆ ಸಮಾಧಾನವೇ ಆಯಿತು. ಕೂಗು ತನ್ನ ತಲೆಯೊಳಗಿನದು, ಇಲ್ಲವೆ ಆಚೆ ಲೋಕದ್ದು. ಎರಡರಲ್ಲಿ ಯಾವುದಾದರೂ ಪೊಲೀಸರ ಕಿವಿಗೆ ಬೀಳುವಂಥದ್ದಲ್ಲ.

ಕೆಲಸ ನಿಲ್ಲಿಸಲಿಲ್ಲ. ಹಣೆಯ ಬಿಳಿಗೆ ಮದರಂಗಿಯ ಜೊತೆ ತಲೆಗೂದಲ ಬಣ್ಣ ಕಲಸಿ ಎರಡು ಸಲ ಹಚ್ಚಿದ. ಮಂಜಿಯ ಕೈಗೆ ಇದನ್ನು ಹಚ್ಚುವ ದಿನ ಬರಲೆಂದು ತಾನೊಮ್ಮೆ ಆಸೆಪಟ್ಟಿದ್ದೆನಲ್ಲ ಎಂದು ದುಃಖವಾಯಿತು. ಹಳೆಯ ಬಿಲ್ಲೆ ಕತ್ತರಿಸಿ ತೆಗೆದು, ಶ್ರೀರಾಮನ ಸತ್ತ ಹಸುವಿನ ಬಿಲ್ಲೆಯನ್ನು ಅದೇ ತೂತಿಗೆ ಕೂಡಿಸಿದ. ವೇಷ ಸೊಗಸಾಗಿ ಕೂತಿತು. ಬರೀ ಒಂದು ತೊಂದರೆ: ಉರಿಬಿಸಿಲಿನಲ್ಲಿ ಹಣೆಯ ಬಣ್ಣ ಒಂದು ಚೂರು ಹೆಚ್ಚು ಕೆಂಪಾಗಿ ಕಾಣುತ್ತಿತ್ತು. ಸಂಜೆಯ ಹಳದಿ ಬೆಳಕಿನಲ್ಲಿ ಮೈಯೆಲ್ಲ ಒಂದೇ ಬಣ್ಣ. ಹಾಗಾಗಿ ವಿಡಿಯೊವನ್ನು ಸೂರ್ಯ ಇಳಿಯುವ ಹೊತ್ತಿಗೇ ತೆಗೆಯಬೇಕೆಂದು ನಿಶ್ಚಯಿಸಿದ. ಇಂಥ ಸೂಕ್ಷ್ಮ ಬೇರೆ ಯಾರಿಗೆ ಹೊಳೆದೀತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆ ಸಂಜೆ ಗಾಳಿ ತಿರುಗಿ ಗುಡ್ಡದ ಕಡೆಯಿಂದ ಹಳ್ಳದ ಕಡೆಗೆ ಬೀಸುತ್ತಿತ್ತು. ಹಿಂದೆ ತೆಂಗಿನ ಮರವಾಗಲಿ ಮನೆಯಾಗಲಿ ಕಾಣದ ಹಾಗೆ ಚುಕ್ಕಿಯನ್ನು ಬರೀ ಹುಲ್ಲು ದಂಡೆಯ ಮೇಲೆ ನಿಲ್ಲಿಸಿದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು. ಹಸು ನಡೆಯಿತು, ನಿಂತಿತು, ಬಾಗಿ ಹುಲ್ಲು ಕಚ್ಚಿತು. ಕೆಚ್ಚಲು, ಗೊರಸು, ಕಿವಿಯ ನಂಬರು ಎಲ್ಲ ಸ್ಪಷ್ಟ. ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಎಂದಿನಂತೆ ಕೂಗು ಬಂತು. ಬೋ ಬೋ ಬೋ, ಚುಕ್ಕೀ. ಹಸು ಮೇವು ಬಿಟ್ಟು ತಲೆಯೆತ್ತಿ ತಿರುಗಿತು, ಒಮ್ಮೆ ಕೂಗಿತು. ಅವನು ಫೋನನ್ನು ಹಸುವಿನ ಮೇಲಿಂದ ಸರಿಸದೆ ವಿಡಿಯೊ ಮುಗಿಸಿದ. ಹಸು ಒದರಿದ್ದು ಒಳ್ಳೆಯದೇ ಆಯಿತು. ಗಂಟಲು ಶುದ್ಧವಿದೆ, ಕೆಮ್ಮಿಲ್ಲ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ.

ಹೊನ್ನಾವರಕ್ಕೆ ಬಂದು, ಜಾಗದ ಹೆಸರು ಶಿರಾಲಿ ಎಂದು ಹಾಕಿ, ಏರಿಸುವ ಮೊದಲು ವಿಡಿಯೊವನ್ನು ಮತ್ತೆ ಮತ್ತೆ ನೋಡಿದ. ಹಣೆ ಸರಿಯಾಗಿದೆ. ಕೊಂಬು ಸರಿಯಾಗಿದೆ. ಹಿನ್ನೆಲೆಯಲ್ಲಿ ಗುರುತು ಹಿಡಿಯುವಂಥದ್ದು ಏನೂ ಇಲ್ಲ. ನೋಡುವಾಗಲೂ ಕೂಗು ಕೇಳುತ್ತಿತ್ತು. ಅವನು ಫೋನು ಆರಿಸಿ, ಉಸಿರು ಬಿಗಿಹಿಡಿದು ಕೂತ. ಆಗಲೂ ಕೇಳಿತು. ಫೋನನ್ನು ದಿಂಬಿನಡಿ ಇಟ್ಟು ಹೊರಗೆ ಹೋಗಿ ನಿಂತ, ಅಲ್ಲೂ ಕೇಳಿತು. ಪರೀಕ್ಷೆ ಮಾಡಿಯೇ ನೋಡಿದೆ, ಇದು ಫೋನಿನದಲ್ಲ, ನನ್ನದೇ ಕರ್ಮ ಎಂದುಕೊಂಡು ಒಳಗೆ ಬಂದು ವಿಡಿಯೊ ಏರಿಸಿದ. ಮಸ್ಕತ್‌ನಿಂದ ಶ್ರೀರಾಮ ಒಟಿಪಿ ಓದಿ ಹೇಳಿ, "ಉಪಕಾರ ಆತು ಮಾರಾಯಾ," ಅಂದ.

ತಕರಾರಿನ ವಾರ ನಿಧಾನ ಸರಿಯಿತು. ಒಮ್ಮೆ ಹಳದೀಪುರದ ಉದಯನ ಹೋಟೆಲಿಗೆ ಚಾ ಕುಡಿಯಲು ಹೊಕ್ಕ. ಸುದ್ದಿ ತಿಳಿಯುವುದು ಒಳ್ಳೆಯದು.

"ಗಂಗತ್ತೆ ಹ್ಯಾಂಗಿದೆ?" ಎಂದು ತಾನಾಗಿಯೇ ಕೇಳಿದ. ಚಿಕ್ಕಂದಿನಿಂದ ಅವಳನ್ನು ಅವನು ಅತ್ತೆ ಎಂದೇ ಕರೆಯುವುದು.

"ಹ್ಯಾಂಗಿರೂದು," ಅಂದ ಉದಯ, ಗ್ಲಾಸು ತೊಳೆಯುತ್ತ. "ಚಿರತೆ ಹಿಡ್ದಿದ್ರೆ ಒಂದ್ ಎಲುಬಾದ್ರೂ ಸಿಕ್ಕಬೇಕಿತ್ತಲ್ಲ ಹೇಳ್ತದೆ. ಗಂಜಿಯೂ ಸಮ ಉಣ್ಣೂದಿಲ್ಲ. ಸಂಜೆ ಆತು ಅಂದ್ರೆ ಗುಡ್ಡೆ ಹತ್ತಿ ಕೂಗೂದು. ಕೇಳಿದ್ರೆ ನಮಗೆ ಮೈ ಜುಂ ಅಂತದೆ."

"ಪಾಪ," ಅಂದ ದಿವಾಕರ. ಮಗಳನ್ನೂ ಕಳೆದುಕೊಂಡು, ದನವನ್ನೂ ಕಳೆದುಕೊಂಡ ಮುದುಕಿ ಒಡಕು ಸ್ವರದಲ್ಲಿ ಅಳುವುದನ್ನು ಕೇಳಿದರೆ ಯಾರಿಗಾದರೂ ಮೈ ಜುಂ ಅನ್ನುತ್ತದೆ. ಹಸುವನ್ನು ಬಿಟ್ಟುಬಿಡಲೇ ಎಂದುಕೊಂಡ. ಆದರೆ ವಿಡಿಯೊ ಏರಿಸಿ ಆಗಿತ್ತು, ಅಳಿಸಲಿಕ್ಕೆ ಬರುವುದಿಲ್ಲ. ಚಾ ಕುಡಿದು ಎದ್ದ.

ವಾರ ಕಳೆಯಿತು. ಒಂದೇ ಒಂದು ತಕರಾರು ಬರಲಿಲ್ಲ. ಬೆಳಗಾವಿಯ ಮಾಲಕ ಗಾಡಿ ಗೊತ್ತು ಮಾಡಿದ್ದೇನೆ ಎಂದ. ಹಸು ಹೋದರೆ ಕೂಗೂ ಅದರ ಹಿಂದೆ ಘಟ್ಟ ಹತ್ತಿ ಹೋಗುತ್ತದೆ ಎಂದು ದಿವಾಕರ ನಂಬಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಗುಳಿ ಬಿದ್ದಿದ್ದವು.

ಸೋಮವಾರ ಬೆಳಿಗ್ಗೆ ಹೊನ್ನಾವರದ ಪಶು ಆಸ್ಪತ್ರೆಗೆ ಹೋದಾಗ ಹೊರಗಿನ ಬೆಂಚಿನಲ್ಲಿ ನಾಲ್ಕಾರು ಜನರ ನಡುವೆ ಗಂಗಿ ಕೂತಿದ್ದಳು. ಅವನ ಕಾಲು ಅರೆಗಳಿಗೆ ನಿಂತಿತು. ಅವಳು ಮುಖ ಎತ್ತಿ ಕಣ್ಣು ಕಿರಿದು ಮಾಡಿದಳು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿನವರು ನೆರಳಾಗಿ ಕಾಣುತ್ತಿದ್ದರು.

"ಯಾರು, ದಿವಾಕರನಾ?"

"ಹೌದು ಅತ್ತೆ. ನೀ ಇಲ್ಲೆಂತಕೆ ಬಂದೆ?"

"ವಾರ ವಾರ ಬತ್ತೆ ತಮಾ. ಚುಕ್ಕಿ ಕಿವಿ ನಂಬ್ರ ಎಲ್ಲಾದ್ರೂ ಸಿಕ್ತಾ ಕೇಳೂಕೆ. ಡಾಕ್ಟ್ರಮ್ಮ ಬೇಜಾರ ಮಾಡ್ಕಳೂದಿಲ್ಲ." ಸ್ವರ ಎಂದಿನ ಒಡಕು ಸ್ವರವೇ. ಅವನ ಕಡೆಗೆ ವಾಲಿ, "ಅವತ್ತು ನಿಂಗೆ ಜೋರು ಮಾತಾಡ್ದೆ. ಮನಸಿಗೆ ಹಚ್ಕಳಬೇಡ. ನಿನ್ನ ಫೋನಲ್ಲೂ ಒಂಚೂರು ಹುಡ್ಕು," ಅಂದಳು.

"ಹುಡ್ಕೂದೇ ಅತ್ತೆ," ಅಂದ. ಅವನಿಗೆ ಆ ಕ್ಷಣ ಅವಳ ಕಾಲು ಮುಟ್ಟಿಬಿಡಬೇಕು ಅನ್ನಿಸಿತು. ಆದರೆ ಕಾಲು ತನ್ನಷ್ಟಕ್ಕೆ ತಾನೇ ಒಳಗೆ ನಡೆಯಿತು.

ಡಾಕ್ಟರ್ ಪವಿತ್ರಾ ಬಿಲ್ಲೆಯ ನಂಬರು ನೋಡಿದರು, ಯಜಮಾನನ ಹೆಸರು ನೋಡಿದರು, ಶಿರಾಲಿ ಎಂದು ಓದಿ ತಲೆಯಾಡಿಸಿದರು. "ಚಂದದ ಹಸು. ಕೆಮ್ಮು ಒಂದು ಕೇಳಿಬಿಡುವಾ, ನೀವೇ ಎಲ್ಲರಿಗೂ ಹೇಳಿಕೊಡುವವರಲ್ಲವಾ," ಎಂದು ನಕ್ಕು, ಫೋನನ್ನು ಮೇಜಿನ ಮೇಲಿನ ಸ್ಪೀಕರಿಗೆ ಸೇರಿಸಿ ಸದ್ದು ಪೂರ್ತಿ ಏರಿಸಿದರು. ಬಾಗಿಲು ತೆರೆದೇ ಇತ್ತು. ಅದಕ್ಕೂ ದಿವಾಕರ ಹೆದರಲಿಲ್ಲ. ಕಣ್ಣು ಕಾಣದವಳು ಹೊರಗೆ ಕೂತು ಏನು ನೋಡಿಯಾಳು. ಗೊರಸಿನ ಸದ್ದು ಬಂತು, ಹುಲ್ಲು ಕಚ್ಚುವ ಸದ್ದು ಬಂತು. ಡಾಕ್ಟರ್ ಪೆನ್ನು ತೆಗೆದರು. ಬೋ ಬೋ ಬೋ, ಚುಕ್ಕೀ ಎಂದು ಕೂಗು ಕೇಳಿತು. ದಿವಾಕರ ಅಷ್ಟು ದಿನಗಳ ಅಭ್ಯಾಸದಂತೆ ಮುಖದ ಒಂದು ಗೆರೆಯನ್ನೂ ಕದಲಿಸದೆ ಕೂತಿದ್ದ. ಪೆನ್ನು ಕಾಗದದ ಮೇಲೆ ನಿಂತಿತು.

"ಇದು ಯಾರು ಕರೆಯುವುದು, ದಿವಾಕರ?" ಎಂದು ಕೇಳಿದರು ಡಾಕ್ಟರ್.

ಅವನಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. ಇವರಿಗೂ ಕೇಳಿದೆಯೆಂದರೆ ಏನು, ಸತ್ತವಳು ಇವರ ಕಿವಿಗೂ ಬಂದಳೇ ಎಂದು ಅವನು ಯೋಚಿಸುವಷ್ಟರಲ್ಲಿ ಗಂಗಿ ಚೌಕಟ್ಟು ತಡವುತ್ತ ಬಾಗಿಲಿಗೆ ಬಂದಿದ್ದಳು. "ಅದು ನಾನು," ಅಂದಳು ಒಡಕು ಸ್ವರದಲ್ಲಿ. "ಆ ಒದರಿದ್ದು ನನ್ನ ಚುಕ್ಕಿ. ನನ್ನ ಸ್ವರಕ್ಕೆ ಅದು ಬತ್ತಿರಲಿಲ್ಲ ಡಾಕ್ಟ್ರಮ್ಮ. ಮಂಜಿ ಕೂಗ್ದಾಂಗೆ ಕೂಗೂಕೆ ಒಂದು ಮಳೆಗಾಲ ಪೂರಾ ಕಲ್ತೆ. ಆ ಕೂಗು ಒಂದೇ ನಂಗೆ ಮಂಜಿ ಸ್ವರದಲ್ಲಿ ಬರೂದು. ನಾ ಹಳದೀಪುರದ ಗುಡ್ಡೆ ಬಿಟ್ಟು ಬೇರೆ ಎಲ್ಲೂ ಕೂಗ್ಲಿಲ್ಲ." ಡಾಕ್ಟರ್ ಕಾಗದದ ಮೇಲಿನ ಶಿರಾಲಿ ಎಂಬ ಹೆಸರನ್ನು ನೋಡಿದರು, ಆಮೇಲೆ ದಿವಾಕರನನ್ನು. ಗಂಗಿ ಸ್ಪೀಕರಿನ ಕಡೆ ಮುಖ ಮಾಡಿ, ಒಳಗೆ ಹಸು ಇದೆ ಎನ್ನುವ ಹಾಗೆ ಕೈ ನೀಡಿ, ಮಗಳ ಸ್ವರದಲ್ಲಿ ಒಮ್ಮೆ ಕರೆದಳು, ಮತ್ತು ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ಎದ್ದು ಬಾಗಿಲಿಗೆ ಬಂದರು.